ಶುಂಠಿ ತೊಳೆಯುವವನ ಲೆಕ್ಕಾಚಾರ

ಉದ್ಯಮಶೀಲತಾ ತರಬೇತಿ ಎಂದು ಬ್ಯಾನರ್ ಕಟ್ಟಿದ ಯಾವ ಸಭಾಂಗಣಕ್ಕೆ ಹೋದರೂ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತವೆ. ನಮ್ಮ ರೈತರಿಗೆ ರಿಸ್ಕ್ ತೆಗೆದುಕೊಳ್ಳುವ ಗುಂಡಿಗೆ ಇಲ್ಲ, ಅವರು ಉದ್ಯಮಿಗಳಂತೆ ಯೋಚಿಸುವುದನ್ನು ಕಲಿಯಬೇಕು ಎಂಬುದು ಮೊದಲನೆಯದು. ಮನಸ್ಸಿಗೆ ಹಿಡಿಸಿದ ಕೆಲಸ ಹಿಡಿದರೆ ದುಡ್ಡೂ ನೆಮ್ಮದಿಯೂ ಬೆನ್ನಿಗೇ ಬರುತ್ತವೆ ಎಂಬುದು ಇನ್ನೊಂದು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಲ್ಲಿ ನಿಂತು ನೋಡಿದರೆ ಈ ಎರಡು ಮಾತೂ ಪೊಳ್ಳು.

ಇಲ್ಲಿಯ ಹೊಗೆಸೊಪ್ಪಿನ ರೈತನನ್ನೇ ತೆಗೆದುಕೊಳ್ಳಿ. ಮಳೆ ಬೀಳುವ ಮೊದಲೇ ಸಸಿ, ಗೊಬ್ಬರ, ಆಳುಗಳ ಮುಂಗಡ, ಎಲೆ ಒಣಗಿಸುವ ಬ್ಯಾರನ್ನಿಗೆ ಸೌದೆ ಎಂದು ಖರ್ಚು ಶುರು. ಬ್ಯಾಂಕಿನ ಸಾಲ ಸಾಲದ್ದಕ್ಕೆ ಕೈಸಾಲ. ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಹಾಕಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಜೊಂಪು ಹತ್ತಿ ಉರಿ ಹೆಚ್ಚುಕಮ್ಮಿಯಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆ ಹೋಯಿತು. ಒಣಗಿದ ಎಲೆ ಬಿಸಿ ಕೊಳವೆಯ ಮೇಲೆ ಉದುರಿದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಇಂಥವನಿಗೆ ಗುಂಡಿಗೆ ಇಲ್ಲ ಎನ್ನಬೇಕಾದರೆ ಹೇಳುವವನು ಏಸಿ ಹಾಲಿನಲ್ಲಿ ಕೂತಿರಬೇಕು.

ಶುಂಠಿ ಕಾಲಿಟ್ಟ ಮೇಲಂತೂ ಧೈರ್ಯ ಜೂಜಿನ ಮಟ್ಟ ಮುಟ್ಟಿದೆ. ಕೇರಳದವರು ಎಚ್.ಡಿ. ಕೋಟೆ, ಹುಣಸೂರು ಕಡೆ ಗುತ್ತಿಗೆಗೆ ಜಮೀನು ಹಿಡಿದು ಬೆಳೆದು ತೋರಿಸಿದರು; ನೋಡಿದವರು ತಾವೂ ಇಳಿದರು. 2023ರಲ್ಲಿ 60 ಕೆ.ಜಿ. ಮೂಟೆಯ ಬೆಲೆ ಹತ್ತು ಸಾವಿರ ರೂಪಾಯಿ ದಾಟಿದಾಗ ಜನ ಕಳ್ಳರ ಭಯಕ್ಕೆ ರಾತ್ರಿ ಹೊಲ ಕಾದರು. ಆ ಬೆಲೆ ನಂಬಿ ಬಿತ್ತನೆ ಹಾಕಿದವರು ಅಗೆಯುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಜೊತೆಗೆ ಕೊಳೆರೋಗ.

ನನ್ನ ಗೆಳೆಯನೊಬ್ಬ ಈ ಇಸ್ಪೀಟಿನ ಪಕ್ಕದಲ್ಲೇ ಕೂತು ಎಲೆ ಮುಟ್ಟದವನು. ರಸ್ತೆ ಬದಿಯ ತುಂಡು ಜಾಗದಲ್ಲಿ ಅವನು ಶುಂಠಿ ತೊಳೆಸುತ್ತಾನೆ. ಒಂದು ಬೋರ್‌ವೆಲ್, ಮೋಟಾರು, ಸಿಮೆಂಟಿನ ಕಟ್ಟೆ, ರಭಸದಿಂದ ನೀರು ಚಿಮ್ಮುವ ಪೈಪು. ಟ್ರ್ಯಾಕ್ಟರಿನಿಂದ ಸುರಿದಾಗ ಹೆಂಟೆ ಯಾವುದು, ಶುಂಠಿ ಯಾವುದು ಗೊತ್ತಾಗುವುದಿಲ್ಲ. ನೀರಿನ ಏಟಿಗೆ ಹೊರಳಿ ಹೊರಳಿ ಗೆಡ್ಡೆಯ ಸಂದುಗೊಂದಿನ ಮಣ್ಣು ಬಿಟ್ಟು ತಿಳಿಹಳದಿ ಬಣ್ಣ ಏಳುತ್ತದೆ. ಹೆಂಗಸರು ಕೊಳೆತದ್ದನ್ನು ಆಯ್ದು ಬಿಸಾಡಿ ಮೂಟೆ ತುಂಬುತ್ತಾರೆ. ಅವನಿಗೆ ಮೂಟೆ ಲೆಕ್ಕದಲ್ಲಿ ಕೂಲಿ, ಆಳುಗಳಿಗೆ ಅದೇ ಸಂಜೆ ಬಟವಾಡೆ.

"ಬೆಲೆ ಹತ್ ಸಾವ್ರ ಆಗ್ಲಿ, ಒಂದ್ ಸಾವ್ರ ಆಗ್ಲಿ, ಅಂಟಿರೋ ಮಣ್ಣು ಅಷ್ಟೇ ಕಣಯ್ಯ" ಎನ್ನುತ್ತಾನೆ.

2023ರಲ್ಲಿ ಲಾರಿಗಳು ಸಾಲುಗಟ್ಟಿದಾಗ ಇನ್ನೊಂದು ಯಂತ್ರ ಹಾಕು ಎಂದು ಹೇಳದವರಿಲ್ಲ. ಹಾಕಲಿಲ್ಲ. ಬೆಲೆ ಬಿದ್ದರೆ ರೈತರು ಶುಂಠಿಯನ್ನು ಅಗೆಯದೆ ನೆಲದಲ್ಲೇ ಬಿಡುತ್ತಾರೆ, ಆಗ ಯಂತ್ರ ಸುಮ್ಮನೆ ನಿಲ್ಲುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ ಎಂಬುದು ಅವನ ಲೆಕ್ಕ.

ಇದನ್ನು ಜಾಣತನ ಎಂದು ಹೊಗಳಿ ಮುಗಿಸಬಹುದಿತ್ತು. ಆದರೆ ಅವನ ಭದ್ರತೆ ನಿಂತಿರುವುದೇ ಅಕ್ಕಪಕ್ಕದವರು ತೆಗೆದುಕೊಂಡ ರಿಸ್ಕಿನ ಮೇಲೆ. ಎಲ್ಲರೂ ತೊಳೆಯಲು ಕೂತರೆ ಬೆಳೆಯುವವರು ಯಾರು? ತೊಳೆದ ಕೆಂಪು ನೀರು ಹರಿದು ಹೋಗುವ ಹಳ್ಳದ ಕೆಳಗಿನವರ ತಕರಾರು ಬೇರೆ ಇದೆ. ಆ ಖರ್ಚು ಅವನ ಪುಸ್ತಕಕ್ಕೆ ಏರುವುದಿಲ್ಲ. ಅವನ ಬದುಕನ್ನು ಮಾದರಿ ಮಾಡಿ ಹಂಚುವ ಉತ್ಸಾಹ ನನಗಿಲ್ಲ. ಅವನಿಂದ ನನಗೆ ದಕ್ಕಿದ್ದು ಒಂದು ಪ್ರಶ್ನೆ ಅಷ್ಟೇ: ಒಂದು ಬೆಳೆಯ ಸುತ್ತ ಬೆಲೆಯ ಏಟು ತಿನ್ನುವವರು ಯಾರು, ತಪ್ಪಿಸಿಕೊಳ್ಳುವವರು ಯಾರು?

ಹಾಗೆ ಕೇಳಿದರೆ ಮುಜುಗರದ ಉತ್ತರ ಸಿಗುತ್ತದೆ. ಬಿಡಿ ಬಿಡಿ ಎಂದು ಎಲ್ಲರೂ ಹೇಳುವ ಹೊಗೆಸೊಪ್ಪಿಗೇ ಈ ಕಡೆ ಗಟ್ಟಿಯಾದ ಮಾರುಕಟ್ಟೆ ಇರುವುದು. 1976ರಲ್ಲಿ ತಂಬಾಕು ಮಂಡಳಿ ಬಂತು, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಯಿತು. ಕಂಪಲಾಪುರದಲ್ಲೋ ಕಟ್ಟೆಮಳಲವಾಡಿಯಲ್ಲೋ ಬೇಲು ಇಳಿಸಿದರೆ ತೂಕ, ಗ್ರೇಡು, ಬೆಲೆ ದಾಖಲಾಗುತ್ತದೆ, ದುಡ್ಡು ಖಾತೆಗೆ ಬೀಳುತ್ತದೆ. ಕೊಳ್ಳುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು, ಬೆಲೆ ಇಳಿಸುತ್ತಾರೆ ಎಂಬ ಕೂಗು ವರ್ಷಾವರ್ಷ ಇದ್ದದ್ದೇ. ಸಾಲಕ್ಕೆ ಸಿಕ್ಕಿ ಪ್ರಾಣ ಬಿಟ್ಟ ತಂಬಾಕು ರೈತರೂ ಈ ತಾಲ್ಲೂಕುಗಳಲ್ಲಿದ್ದಾರೆ. ಆದರೂ ಬೆಲೆ ಬಿದ್ದ ದಿನ ಹರಾಜು ನಿಲ್ಲಿಸಿ ಧರಣಿ ಕೂರಲು ಅಲ್ಲೊಂದು ಗೇಟಿದೆ, ಉತ್ತರ ಕೊಡಬೇಕಾದ ಅಧಿಕಾರಿ ಇದ್ದಾನೆ. ಶುಂಠಿಯ ಬೆಲೆ ಏಜೆಂಟನ ಫೋನಿನಲ್ಲಿ ಬರುತ್ತದೆ. ಯಾರ ಮುಂದೆ ಧರಣಿ ಕೂರುವುದು? ಪರ್ಯಾಯ ಬೆಳೆ ಬೆಳೆಯಿರಿ ಎಂದು ಬುದ್ಧಿ ಹೇಳುವವರು ಆ ಬೆಳೆಗೆ ಹರಾಜು ಕಟ್ಟೆ ಎಲ್ಲಿ ಎಂಬ ಮಾತೆತ್ತುವುದಿಲ್ಲ. ಅದು ಸರ್ಕಾರ ಮಾಡಬೇಕಾದ ಕೆಲಸ, ಖರ್ಚಿನ ಕೆಲಸ. ಧೈರ್ಯದ ಭಾಷಣಕ್ಕೆ ಖರ್ಚಿಲ್ಲ.

ದೊಡ್ಡ ಸಾಹಸದ ಕತೆಗಳನ್ನೂ ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಮಲೆನಾಡಿನ ಕಾಫಿ ತೋಟದ ಮನೆಯ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ತೆರೆದದ್ದನ್ನು ಪಾಠವಾಗಿ ಹೇಳದ ಭಾಷಣಕಾರ ಇರಲಿಲ್ಲ. 2019ರ ಜುಲೈನಲ್ಲಿ ಅವರ ದೇಹ ನೇತ್ರಾವತಿಯಲ್ಲಿ ಸಿಕ್ಕಿತು. ಹೊರಬಂದ ಪತ್ರದಲ್ಲಿ ಸಾಲ ಕೊಟ್ಟವರ ಒತ್ತಡದ ಮಾತಿತ್ತು. ಆಮೇಲೆ ಪಾಠ ಹೇಳುವವರು ಉದಾಹರಣೆ ಬದಲಾಯಿಸಿದರು, ಪಾಠ ಬದಲಾಯಿಸಲಿಲ್ಲ.

ಇನ್ನು ನೆಮ್ಮದಿ. ನನ್ನ ಗೆಳೆಯನಿಗೆ ಶುಂಠಿಯ ಮೇಲೆ ಯಾವ ಪ್ರೀತಿಯೂ ಇಲ್ಲ, ಟೀಗೆ ಹಾಕಿದರೂ ಮುಖ ಸಿಂಡರಿಸುತ್ತಾನೆ. ಅವನ ಹುಚ್ಚು ಪೌರಾಣಿಕ ನಾಟಕ. ಊರಲ್ಲಿ ಕುರುಕ್ಷೇತ್ರ ಆಡುವುದೆಂದರೆ ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು: ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ, ಮೈಕಿಗೆ. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ದುರ್ಯೋಧನನ ಪಾತ್ರ ಬಿಟ್ಟುಕೊಡಲಾರದೆ ಅವನು ತೆತ್ತದ್ದರಲ್ಲಿ ಹೊಸ ಮೋಟಾರೇ ಬರುತ್ತಿತ್ತು. ಸಂಜೆ ಬಟವಾಡೆ ಮುಗಿಸಿ, ಕೈಕಾಲಿನ ಕೆಸರು ತೊಳೆದು, ಪ್ರಾಕ್ಟೀಸಿಗೆ ಓಡುತ್ತಾನೆ. ದಿನದ ಲೆಕ್ಕ ದಿನಕ್ಕೇ ಮುಗಿಯುವ ದಂಧೆ ಹಿಡಿದದ್ದೇ ಇದಕ್ಕಾಗಿ ಎಂದು ನನ್ನ ಗುಮಾನಿ. ಕೆಲಸವನ್ನೇ ಪ್ರೀತಿಸಿ ಎನ್ನುವವರಿಗೆ ಇದು ಶುದ್ಧ ದುಂದು. ಅವನ ಹೆಂಡತಿಯೂ ಹಾಗೇ ಅನ್ನುತ್ತಾಳೆ. ಅವಳ ಮಾತಿಗೆ ತೂಕ ಜಾಸ್ತಿ, ಏಕೆಂದರೆ ಅವನು ರಾಗ ತೆಗೆಯುವ ಹೊತ್ತಿನಲ್ಲಿ ಮೂಟೆ ಎಣಿಸಿ ಚೀಟಿ ಬರೆಯುವವಳು ಅವಳು.