ಊರಿಗೆ ಬರೆಯದ ಕಾಗದ

ಪರದೇಶಕ್ಕೆ ಹೋಗಿ ಓದಿ ಬಂದವರು ನಮ್ಮಲ್ಲಿ ಹಿಂದೆಯೂ ಇದ್ದರು. ಈಗಂತೂ ಬೀದಿಗೊಬ್ಬರು ಸಿಕ್ಕುತ್ತಾರೆ. ಅವರು ಪಡೆದ ಪದವಿ ಯಾವುದೆಂಬುದು ಬೀದಿಗೆಲ್ಲ ಗೊತ್ತು. ಅಲ್ಲಿ ಅವರು ದಿನ ಕಳೆದ ಬಗೆ ಮಾತ್ರ ಹೆತ್ತವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಬೆಳಗ್ಗೆ ಏನು ತಿಂದರು, ಕೋಣೆಯ ಬಾಡಿಗೆಗೆ ಎಷ್ಟು ತೆತ್ತರು, ಜ್ವರ ಬಂದ ರಾತ್ರಿ ಗಂಜಿ ಕಾಯಿಸಿಕೊಟ್ಟವರು ಯಾರು, ಇವು ಊರಿಗೆ ಬರೆಯುವ ಸಂಗತಿಗಳಲ್ಲ. ‘ಉಭಯಕುಶಲೋಪರಿ’ ಎಂದು ಕಾಗದ ಮೊದಲಾಗುತ್ತಿದ್ದ ಕಾಲದಲ್ಲಿ ಹೇಗೋ, ಮುಖ ನೋಡಿಕೊಂಡೇ ದೂರವಾಣಿಯಲ್ಲಿ ಮಾತಾಡುವ ಈ ಕಾಲದಲ್ಲಿಯೂ ಹಾಗೆಯೇ. ಕುಶಲ ಎಂಬ ಒಂದು ಮಾತಿನ ಮರೆಯಲ್ಲಿ ಎಷ್ಟೋ ಅಕುಶಲಗಳು ಅಡಗಿ ಕುಳಿತಿರುತ್ತವೆ. ಇದನ್ನು ಸುಳ್ಳು ಎಂದು ಕರೆಯಲು ಮನಸ್ಸು ಬರುವುದಿಲ್ಲ; ಅದು ಪ್ರೀತಿಯದೇ ಒಂದು ರೀತಿ. ಆದರೆ ಸಾಹಿತ್ಯಕ್ಕೆ ಆ ರೀತಿ ಸಾಲದು.

ವಿದೇಶ ವ್ಯಾಸಂಗವನ್ನು ಕುರಿತ ಬರವಣಿಗೆಯನ್ನು ಓದುವಾಗ ನಾನು ಒಂದು ಅಳತೆಗೋಲನ್ನು ಇಟ್ಟುಕೊಂಡಿದ್ದೇನೆ. ಊರಿಗೆ ಬರೆದ ಕಾಗದದಲ್ಲಿ ಬಿಟ್ಟುಹೋದದ್ದು ಈ ಬರವಣಿಗೆಯಲ್ಲಿ ಬಂದಿದೆಯೆ? ಬಂದಿದ್ದರೆ ಅದು ಸಾಹಿತ್ಯ. ಬಂದಿಲ್ಲದಿದ್ದರೆ ಅದು ಅಚ್ಚಾದ ಕ್ಷೇಮ ಸಮಾಚಾರ, ಅಷ್ಟೆ.

ಮೊದಲು ಎಲ್ಲರೂ ಬಲ್ಲ ಗ್ರಂಥವನ್ನೇ ತೆಗೆದುಕೊಳ್ಳೋಣ. ಗಾಂಧೀಜಿಯವರ ಆತ್ಮಕಥೆಯನ್ನು ನಾವು ಸತ್ಯಾಗ್ರಹದ ಉಪೋದ್ಘಾತವೆಂದು ಓದುತ್ತೇವೆ. ಅದರ ಲಂಡನ್ನಿನ ಅಧ್ಯಾಯಗಳನ್ನು ಪರದೇಶದ ಒಬ್ಬ ವಿದ್ಯಾರ್ಥಿಯ ದಿನಚರಿಯೆಂದು ಓದಿ ನೋಡಿ. ಅದರ ರುಚಿಯೇ ಬೇರೆ. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಹದಿನೆಂಟರ ತರುಣ ವಿಲಾಯಿತಿಯಲ್ಲಿ ಇಳಿದಾಗ ತೊಟ್ಟಿದ್ದದ್ದು ಬಿಳಿಯ ಫ್ಲ್ಯಾನಲ್ ಉಡುಪು. ಆ ಋತುವಿನಲ್ಲಿ ಅಂಥ ಬಟ್ಟೆ ತೊಟ್ಟವರು ಅಲ್ಲಿ ಇನ್ನೊಬ್ಬರಿರಲಿಲ್ಲ. ನೋಡಲು ಬಂದ ಡಾಕ್ಟರ್ ಪ್ರಾಣಜೀವನ ಮೆಹತಾ ಅವರ ರೇಷ್ಮೆ ಟೋಪಿಯ ಮೇಲೆ ಕೈಯಾಡಿಸಿ, ನವಿರನ್ನು ಕೆಡಿಸಿ, ಪರರ ವಸ್ತುವನ್ನು ಮುಟ್ಟಬಾರದೆಂಬ ಮೊದಲ ಪಾಠವನ್ನು ಅವರು ಕಲಿತರು. ಆಮೇಲೆ ಹಸಿವು. ಮಾಂಸ ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಆಣೆಯಿಟ್ಟು ಬಂದವರಿಗೆ ಬೆಳಗ್ಗೆ ಓಟ್ಸಿನ ಗಂಜಿ. ಆಮೇಲೆ ಸೊಪ್ಪು, ರೊಟ್ಟಿ, ಜಾಮು. ಎರಡು ಮೂರು ಚೂರಿಗಿಂತ ಹೆಚ್ಚು ರೊಟ್ಟಿ ಕೇಳಲು ನಾಚಿಕೆ. ಊಟದ ಮನೆಯನ್ನು ಹುಡುಕುತ್ತ ದಿನಕ್ಕೆ ಹತ್ತು ಹನ್ನೆರಡು ಮೈಲಿ ಅಲೆದು, ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಸಸ್ಯಾಹಾರದ ಒಂದು ಊಟದ ಮನೆಯನ್ನು ಕಂಡಾಗ ಅವರಿಗಾದ ಸಂತೋಷ ಪುಟದ ಮೇಲೆ ಇಂದಿಗೂ ಹಸಿಯಾಗಿದೆ. ಅಲ್ಲಿಯೇ ಒಂದು ಷಿಲಿಂಗು ಕೊಟ್ಟು ಸಾಲ್ಟ್ ಮಹಾಶಯನ ಪುಸ್ತಕವನ್ನು ಕೊಂಡರು. ತಾಯಿಗಾಗಿ ಹಿಡಿದಿದ್ದ ವ್ರತವನ್ನು ಇಷ್ಟಪಟ್ಟು ತಮ್ಮದಾಗಿ ಮಾಡಿಕೊಂಡದ್ದು ಆಮೇಲೆ. ಒಂದು ದೊಡ್ಡ ಜೀವನದ ತಿರುವು ಹೊಟ್ಟೆ ತುಂಬ ಉಂಡ ಒಂದು ಹೊತ್ತಿನಲ್ಲಿ ಇದೆ ಎಂಬುದನ್ನು ವಿಮರ್ಶಕರು ಗಮನಿಸಬೇಕು.

ಇನ್ನು ಹಣದ ಮಾತು. ಬಾಂಡ್ ಬೀದಿಯಲ್ಲಿ ಹತ್ತು ಪೌಂಡಿಗೆ ಹೊಲಿಸಿದ ಸಂಜೆಯ ಉಡುಪು, ಹತ್ತೊಂಬತ್ತು ಷಿಲಿಂಗಿನ ಟೋಪಿ, ನರ್ತನದ ಪಾಠಕ್ಕೆ ಮೂರು ಪೌಂಡು, ಪಿಟೀಲಿಗೆ ಮೂರು ಪೌಂಡು. ಸುಮಾರು ಮೂರು ತಿಂಗಳ ಈ ಶೋಕಿ ಇಳಿದ ಮೇಲೆ ಲೆಕ್ಕದ ಪುಸ್ತಕ ಬಂತು. ಬಸ್ಸಿನ ಕಾಸು, ಅಂಚೆಯ ಕಾಸು, ಎಲ್ಲವೂ ಅದರಲ್ಲಿ ಏರಿತು. ಊರಿನಲ್ಲಿ ಅಣ್ಣ ಕಷ್ಟಪಟ್ಟು ಹಣ ಕಳಿಸುತ್ತಿದ್ದಾನೆ ಎಂಬ ಅರಿವು ಚುಚ್ಚಿದಾಗ ಎರಡು ಕೋಣೆ ಒಂದಾಯಿತು, ಒಲೆಯೊಂದು ಬಂತು, ದಿನದ ಆಹಾರದ ವೆಚ್ಚ ಒಂದು ಷಿಲಿಂಗು ಮೂರು ಪೆನ್ಸಿಗೆ ಇಳಿಯಿತು. ಈ ಅಂಕಿಗಳನ್ನು ಗಾಂಧೀಜಿ ಮೂವತ್ತೈದು ವರ್ಷಗಳ ಮೇಲೂ ಮರೆಯಲಿಲ್ಲ. ಆತ್ಮಕಥೆ ‘ನವಜೀವನ’ದಲ್ಲಿ ಮೊದಲಾದದ್ದು 1925ರಲ್ಲಿ. ಪರದೇಶದಲ್ಲಿ ಓದಿದವರು ಪಾಠಗಳನ್ನು ಮರೆತಾರು, ರೊಟ್ಟಿಯ ಬೆಲೆಯನ್ನು ಮರೆಯಲಾರರು.

ಈ ಅಧ್ಯಾಯಗಳ ಬೆಲೆ ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿನ ಅನೇಕ ಭಾರತೀಯ ವಿದ್ಯಾರ್ಥಿಗಳಂತೆ ತಾವೂ ಮದುವೆಯಾದುದನ್ನು ಮುಚ್ಚಿಟ್ಟದ್ದನ್ನು, ಕೊನೆಗೆ ತಮ್ಮನ್ನು ಆದರಿಸುತ್ತಿದ್ದ ಮುದುಕಿಯೊಬ್ಬಳಿಗೆ ಕಾಗದ ಬರೆದು ನಿಜ ತಿಳಿಸಿದ್ದನ್ನು ಅವರು ಹೇಳುತ್ತಾರೆ. ಇತ್ತ ಊರಿನವರೂ ಮುಚ್ಚಿಟ್ಟಿದ್ದರು. 1891ರಲ್ಲಿ ಬ್ಯಾರಿಸ್ಟರಾಗಿ ಮುಂಬಯಿಯಲ್ಲಿ ಇಳಿದ ಮೇಲಷ್ಟೇ ತಾಯಿ ತೀರಿಹೋದ ಸಂಗತಿಯನ್ನು ಅಣ್ಣ ತಿಳಿಸಿದರು. ದೂರದಲ್ಲಿದ್ದವನಿಗೆ ಪೆಟ್ಟಾಗದಿರಲಿ ಎಂಬ ಪ್ರೀತಿ! ಕಡಲಿನ ಎರಡು ದಡಗಳಿಂದಲೂ ಮೌನವೇ ಪ್ರಯಾಣ ಮಾಡುತ್ತಿತ್ತು. ಆತ್ಮಕಥೆ ಆ ಮೌನವನ್ನು ಒಡೆಯಿತು.

ಎರಡನೆಯ ನಿದರ್ಶನ ಚೀನದ ಲೂ ಷುನ್. ವೈದ್ಯ ಕಲಿಯಲೆಂದು ಅವನು 1904ರಲ್ಲಿ ಜಪಾನಿನ ಸೆಂಡೈ ಎಂಬ ಊರನ್ನು ಸೇರಿದ. ಆ ದಿನಗಳನ್ನು ಕುರಿತು 1926ರಲ್ಲಿ ಬರೆದ ‘ಫುಜಿನೋ ಮೇಷ್ಟರು’ ಎಂಬ ಪ್ರಬಂಧ ಕೆಲವೇ ಪುಟಗಳದು. ಮೊದಲು ಇಳಿದದ್ದು ಸೆರೆಮನೆಯ ಪಕ್ಕದ ಒಂದು ವಸತಿಗೃಹದಲ್ಲಿ. ಸೊಳ್ಳೆಗಳ ಕಾಟಕ್ಕೆ ಹೊದಿಕೆಯನ್ನು ಮೈತುಂಬ ಹೊದ್ದು, ತಲೆಗೆ ಬಟ್ಟೆ ಸುತ್ತಿ, ಉಸಿರಿಗೆ ಮೂಗನ್ನಷ್ಟೇ ಬಿಟ್ಟುಕೊಂಡು ಮಲಗಿದ; ನಿದ್ದೆ ಚೆನ್ನಾಗಿಯೇ ಬಂತು. ಊಟವೂ ತಕ್ಕಮಟ್ಟಿಗಿತ್ತು. ಆದರೆ ಕೈದಿಗಳಿಗೆ ಅಡಿಗೆ ಒದಗಿಸುವ ಮನೆಯಲ್ಲಿ ಅವನು ಉಣ್ಣುವುದು ತರವಲ್ಲವೆಂದು ಹಿತೈಷಿಯೊಬ್ಬರು ಹಟ ಹಿಡಿದರು. ಪರಿಣಾಮವಾಗಿ ಬೇರೆ ಮನೆ, ಅಲ್ಲಿ ದಿನವೂ ಗಂಟಲಿಗಿಳಿಯದ ಕೆಸುವಿನ ದಂಟಿನ ಸಾರು! ಈ ಹಾಸ್ಯದ ಜತೆಗೇ ಇನ್ನೊಂದು ಎಳೆ ಬರುತ್ತದೆ. ಅಂಗರಚನಾಶಾಸ್ತ್ರದ ಮೇಷ್ಟರು ಈ ಪರದೇಶಿ ಹುಡುಗನ ಟಿಪ್ಪಣಿ ಪುಸ್ತಕವನ್ನು ಮತ್ತೆ ಮತ್ತೆ ತರಿಸಿಕೊಂಡು, ಬಿಟ್ಟುಹೋದದ್ದನ್ನು ಸೇರಿಸಿ, ವ್ಯಾಕರಣವನ್ನೂ ತಿದ್ದಿ, ಕೆಂಪು ಶಾಯಿಯಿಂದ ತುಂಬಿ ಹಿಂದಿರುಗಿಸುತ್ತಿದ್ದರು. ಪರೀಕ್ಷೆಯಲ್ಲಿ ಅವನು ತೇರ್ಗಡೆಯಾದಾಗ, ಮೇಷ್ಟರು ಪ್ರಶ್ನೆಗಳನ್ನು ಮೊದಲೇ ತಿಳಿಸಿರಬೇಕೆಂದು ಸಹಪಾಠಿಗಳು ಸಂಶಯಪಟ್ಟರು. ದುರ್ಬಲ ದೇಶದವನು ಸ್ವಂತ ಬುದ್ಧಿಯಿಂದ ಪಾಸಾಗುವುದುಂಟೆ? ಅನಂತರ ತರಗತಿಯಲ್ಲಿ ರಷ್ಯ-ಜಪಾನ್ ಯುದ್ಧದ ಚಿತ್ರಗಳು. ತನ್ನ ನಾಡಿನವನೊಬ್ಬನ ವಧೆಯನ್ನು ತನ್ನ ನಾಡಿನವರೇ ಸುತ್ತ ನಿಂತು ನೋಡುತ್ತಿದ್ದರು. ಸುತ್ತಲಿನ ಬೆಂಚುಗಳಿಂದ ಜಯಘೋಷ ಎದ್ದಿತು.

ಲೂ ಷುನ್ ವೈದ್ಯ ಬಿಟ್ಟು ಸಾಹಿತ್ಯಕ್ಕೆ ತಿರುಗಿದ ಕಾರಣವನ್ನು ಹುಡುಕುವವರು ಈ ಚಿತ್ರದ ಘಟನೆಯನ್ನೇ ಎತ್ತಿ ಹೇಳುತ್ತಾರೆ. ನನ್ನ ಮನಸ್ಸಿನಲ್ಲಿ ನಿಲ್ಲುವುದು ಪ್ರಬಂಧದ ಕೊನೆ. ಮೇಷ್ಟರಿಗೆ ನೋವಾಗದಿರಲೆಂದು, ಮುಂದೆ ಜೀವಶಾಸ್ತ್ರ ಓದುತ್ತೇನೆ ಎಂದು ಅವನು ಸುಳ್ಳು ಹೇಳಿದ. ಅವರು ತಮ್ಮ ಭಾವಚಿತ್ರ ಕೊಟ್ಟು, ಕಾಗದ ಬರೆಯುತ್ತಿರು ಎಂದರು. ಹೇಳಿಕೊಳ್ಳುವಂಥ ಸ್ಥಿತಿ ತನ್ನದಲ್ಲವೆಂದು ಇವನು ಒಂದು ಕಾಗದವನ್ನೂ ಬರೆಯಲಿಲ್ಲ. ವರ್ಷ ಕಳೆದಷ್ಟೂ ಬರೆಯುವುದು ಕಷ್ಟವಾಯಿತು. ಕೆಂಪು ಶಾಯಿಯ ಟಿಪ್ಪಣಿಗಳೂ ಮನೆ ಬದಲಾಯಿಸುವಾಗ ಕಳೆದುಹೋದವೆಂದು ಕೊರಗುತ್ತಾನೆ. ಇಪ್ಪತ್ತು ವರ್ಷ ಬರೆಯದೆ ಉಳಿದ ಆ ಕಾಗದವೇ ಈ ಪ್ರಬಂಧ. ನನ್ನ ಅಳತೆಗೋಲಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೂರನೆಯದು ಅಂಬೇಡ್ಕರ್ ಅವರ ‘ವೇಟಿಂಗ್ ಫಾರ್ ಎ ವೀಸಾ’. ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿಂದ ಲಂಡನ್ನಿಗೆ ಹೋದವರು ಅವರು. ಆದರೆ ಈ ಪುಟ್ಟ ಬರಹದಲ್ಲಿ ನ್ಯೂಯಾರ್ಕಿನ ಕೋಣೆಯ ವರ್ಣನೆಯಿಲ್ಲ, ಊಟದ ಮಾತಿಲ್ಲ. ಆ ವರ್ಷಗಳಲ್ಲಿ ತಾವು ಅಸ್ಪೃಶ್ಯರೆಂಬ ಪ್ರಜ್ಞೆಯೇ ಮನಸ್ಸಿನಿಂದ ಅಳಿಸಿಹೋಗಿತ್ತು ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಅದರ ಬೆನ್ನಿಗೆ ಬರುವುದು 1917ರಲ್ಲಿ ಕೆಲಸಕ್ಕೆಂದು ಬರೋಡಕ್ಕೆ ಮರಳಿದಾಗಿನ ಕಥೆ. ಇಳಿದುಕೊಳ್ಳಲು ಎಲ್ಲಿಯೂ ಎಡೆಯಿಲ್ಲದೆ, ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಅಡಗಿದ್ದದ್ದು. ಮಹಡಿಯ ಮೇಲೆ ಮುರುಕು ಸಾಮಾನಿನ ನಡುವೆ ಮಂಕು ದೀಪದ ಎದುರು ಪುಸ್ತಕ ಹಿಡಿದು ಒಂಟಿತನವನ್ನು ಮರೆಯಲು ನೋಡಿದ್ದು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಡಿಸಿದ್ದು. ಗೆಳೆಯರೂ ಒಲ್ಲೆನೆಂದ ಮೇಲೆ ಉದ್ಯಾನದಲ್ಲಿ ಐದು ಗಂಟೆ ಕುಳಿತು ರೈಲಿಗೆ ಕಾದದ್ದು.

ಗಾಂಧೀಜಿಗೆ ಪರದೇಶವೆಂದರೆ ಊಟ ಸಿಕ್ಕದ ಊರು. ಅಂಬೇಡ್ಕರರಿಗೆ ಅದು ಜಾತಿ ಕೇಳದೆ ಊಟಕ್ಕೆ ಕೂರಿಸಿದ ಊರು. ನೋವಿಲ್ಲದ ದಿನಗಳು ನೆನಪಿನಲ್ಲಿ ವಿವರವಾಗಿ ಉಳಿಯುವುದಿಲ್ಲ. ಒಡೆಯನ ಮನೆಯಲ್ಲಿ ಬಾಗಿಲು ತೆರೆದೇ ಇದ್ದರೆ ಬಾಗಿಲನ್ನು ಯಾರು ವರ್ಣಿಸುತ್ತಾರೆ? ನ್ಯೂಯಾರ್ಕಿನ ಬಗ್ಗೆ ಅಂಬೇಡ್ಕರರ ಆ ಮೌನವೇ ನಮ್ಮ ಮೇಲೆ ಹೊರಿಸಿದ ದೊಡ್ಡ ಆಪಾದನೆ. ವಿದೇಶ ವ್ಯಾಸಂಗದ ದಿನಚರಿಯೆಂದರೆ ಮನೆಯ ಹಂಬಲದ ಕಥೆಯೆಂದು ತಿಳಿದವರು ಈ ಬರಹವನ್ನು ಓದಬೇಕು. ಎಲ್ಲರಿಗೂ ಊರು ಒಂದೇ ರೀತಿಯಲ್ಲಿ ತೌರಲ್ಲ.

ಇಷ್ಟು ಹೇಳಿದ ಮೇಲೆ ಕನ್ನಡದ ಕಡೆ ತಿರುಗಬೇಕು. ನಮ್ಮ ಪ್ರವಾಸ ಸಾಹಿತ್ಯ ಬಡವೆಯಲ್ಲ. ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ‘ಅಮೆರಿಕದಲ್ಲಿ ಗೊರೂರು’, ಇವು ಯಾವ ಭಾಷೆಗೂ ಭೂಷಣ. ಆದರೆ ಇವೆಲ್ಲ ಮಾಗಿದ ವಯಸ್ಸಿನ ಅತಿಥಿಗಳ ಪುಸ್ತಕಗಳು. ಮೂರ್ತಿರಾಯರು ಅದನ್ನು ಹೆಸರಿನಲ್ಲಿಯೇ ಹೇಳಿಬಿಟ್ಟಿದ್ದಾರೆ. ಅತಿಥಿ ಊರನ್ನು ನೋಡುತ್ತಾನೆ. ವಿದ್ಯಾರ್ಥಿಯನ್ನು ಊರು ನೋಡುತ್ತದೆ. ಅತಿಥಿಗೆ ಊಟ ಬಡಿಸುವವರಿದ್ದಾರೆ. ವಿದ್ಯಾರ್ಥಿ ಪಾತ್ರೆ ತೊಳೆಯಬೇಕು. ಅತಿಥಿಗೆ ಹಿಮ ಒಂದು ನೋಟ. ವಿದ್ಯಾರ್ಥಿಗೆ ಅದು ನಾಳೆ ಬೆಳಗ್ಗೆ ತುಳಿದು ಹೋಗಬೇಕಾದ ದಾರಿ.

ವಿದ್ಯಾರ್ಥಿಗಳಾಗಿ ಹೋದ ನಮ್ಮ ದೊಡ್ಡ ಲೇಖಕರು ಏನು ಮಾಡಿದರು? ಆಕ್ಸ್‌ಫರ್ಡಿಗೆ ಹೋದ ಗೋಕಾಕರಿಗೆ ಕಡಲೇ ಕಾವ್ಯವಾಗಿ ‘ಸಮುದ್ರಗೀತೆಗಳು’ ಬಂದವು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಅನಂತಮೂರ್ತಿ ಅಲ್ಲಿ ಕುಳಿತು ಬರೆದದ್ದು ‘ಸಂಸ್ಕಾರ’ (1965). ಅದರಲ್ಲಿರುವುದು ದೂರ್ವಾಸಪುರದ ಅಗ್ರಹಾರ, ಬರ್ಮಿಂಗ್‌ಹ್ಯಾಮಿನ ಒಂದು ಬೀದಿಯೂ ಇಲ್ಲ. ದೂರ ಹೋದಾಗ ಊರು ನಿಚ್ಚಳವಾಗಿ ಕಂಡಿತು ಎಂಬುದು ನಮ್ಮ ಭಾಗ್ಯ. ಇದನ್ನು ದೋಷವೆಂದು ಹೇಳುವ ಅವಿವೇಕ ನನಗಿಲ್ಲ. ಆದರೆ ಹೋದ ಊರಿನ ಕೋಣೆಯೂ ಒಲೆಯೂ ಕನ್ನಡಕ್ಕೆ ಬರಬೇಕಾದ ಪ್ರಮಾಣದಲ್ಲಿ ಬಂದಿಲ್ಲವೆಂಬ ಕೊರತೆ ಉಳಿದೇ ಇದೆ.

ಅಡಿಗೆಮನೆಯ ಲೆಕ್ಕವೂ ಸಾಹಿತ್ಯವೆ ಎಂದು ಕೆಲವರು ಕೇಳಬಹುದು. ಬರಿಯ ಲೆಕ್ಕ ಸಾಹಿತ್ಯವಲ್ಲ, ಬರಿಯ ಗೊಣಗಾಟವೂ ಅಲ್ಲ. ಜಪಾನಿನ ಸೊಸೆಕಿ ಸರ್ಕಾರದ ವೇತನದ ಮೇಲೆ 1900ರಲ್ಲಿ ಲಂಡನ್ನಿಗೆ ಬಂದು, ಬಾಡಿಗೆ ಕೋಣೆಗಳನ್ನು ಬದಲಾಯಿಸುತ್ತ ಎರಡು ವರ್ಷ ನವೆದ. ಅವು ತನ್ನ ಬಾಳಿನ ಅತ್ಯಂತ ಅಪ್ರಿಯ ದಿನಗಳೆಂದು 1907ರ ತನ್ನ ಶಾಸ್ತ್ರಗ್ರಂಥದ ಮುನ್ನುಡಿಯಲ್ಲಿ ದೂರಿದ. ಆ ದೂರಿಗಿಂತ, ಮನೆಯೊಡತಿಯ ಆಜ್ಞೆಯಂತೆ ಸೈಕಲ್ ಕಲಿಯಲು ಹೋಗಿ ಬಿದ್ದೆದ್ದ ಕಥೆಯನ್ನು ಹೇಳುವ ಅವನ ಪುಟ್ಟ ‘ಸೈಕಲ್ ದಿನಚರಿ’ (1903) ನಮ್ಮನ್ನು ಹೆಚ್ಚು ತಟ್ಟುತ್ತದೆ. ತನ್ನನ್ನು ನೋಡಿ ತಾನೇ ನಗಬಲ್ಲವನ ಸಂಕಟವನ್ನು ಓದುಗ ನಂಬುತ್ತಾನೆ.

ಇದು ಹಳೆಯ ಪುಸ್ತಕಗಳ ಚರ್ಚೆಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಈಗ ನಮ್ಮ ಸಾಮಾನ್ಯ ಮನೆಗಳೂ ನಿವೇಶನವನ್ನು ಅಡವಿಟ್ಟು ಮಕ್ಕಳನ್ನು ಹೊರದೇಶಕ್ಕೆ ಕಳಿಸುತ್ತಿವೆ. ಬ್ರಿಟನ್ನಿನಲ್ಲಿ ಪದವಿ ತರಗತಿಯ ಪರದೇಶಿ ವಿದ್ಯಾರ್ಥಿ ಪಾಠ ನಡೆಯುವ ವಾರಗಳಲ್ಲಿ ದುಡಿಯಬಹುದಾದದ್ದು ವಾರಕ್ಕೆ 20 ಗಂಟೆ. ಆ ಗಂಟೆಗಳ ಕೂಲಿಗೂ ಕೋಣೆಯ ಬಾಡಿಗೆಗೂ ನಡುವೆ ಗಾಂಧೀಜಿಯವರ ಲೆಕ್ಕದ ಪುಸ್ತಕ ಮತ್ತೆ ತೆರೆದುಕೊಳ್ಳುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಹಿಮದ ಚಿತ್ರ ಕಳಿಸುತ್ತಾರೆ, ಗೋಪುರದ ಚಿತ್ರ ಕಳಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಂದು ತಣ್ಣನೆಯ ಅನ್ನ ಉಂಡ ಚಿತ್ರವನ್ನು ಯಾರೂ ಕಳಿಸಿಲ್ಲ. ಹೀಗಾಗಿ ಮುಂದಿನ ವರ್ಷ ಹೊರಡುವ ಹುಡುಗನಿಗೂ ಅವನ ತಾಯಿತಂದೆಗೂ ಗೋಪುರವೊಂದೇ ಗೊತ್ತು. ಅಲ್ಲಿ ಹೋಗಿ ಕಷ್ಟಕ್ಕೆ ಸಿಕ್ಕಿದಾಗ, ಇದು ತನ್ನೊಬ್ಬನ ಸೋಲು ಎಂದು ಅವನು ಬಗೆಯುತ್ತಾನೆ. ಫ್ಯಾರಿಂಗ್‌ಡನ್ ಬೀದಿಯ ಅಲೆದಾಟವನ್ನು ಓದಿದವನಿಗೆ, ತನಗಿಂತ ಮೊದಲು ಇನ್ನೊಬ್ಬರು ಈ ಹಸಿವನ್ನು ದಾಟಿದ್ದಾರೆಂಬ ಧೈರ್ಯವಾದರೂ ಇರುತ್ತದೆ. ಸಾಹಿತ್ಯದಿಂದ ಆಗಬಹುದಾದ ಉಪಕಾರಗಳಲ್ಲಿ ಇದು ಸಣ್ಣದಲ್ಲ.

ಆದ್ದರಿಂದ ಓದಲು ಹೋಗಿರುವ ಕನ್ನಡದ ತರುಣ ತರುಣಿಯರಲ್ಲಿ ನನ್ನ ವಿನಂತಿ ಇಷ್ಟೆ. ಮನೆಗೆ ಮಾತಾಡುವಾಗ ಕುಶಲವೆಂದೇ ಹೇಳಿ. ತಾಯಿಯ ನಿದ್ದೆ ಕೆಡಿಸಬೇಡಿ. ಆದರೆ ಅದೇ ರಾತ್ರಿ ಒಂದು ಪುಟ ಬರೆದಿಡಿ. ಅಂದಿನ ಊಟ, ಅಂದಿನ ಖರ್ಚು, ಅಂದು ಆದ ಅವಮಾನ, ಅಂದು ಯಾರೋ ತೋರಿದ ದಯೆ. ಇಪ್ಪತ್ತು ವರ್ಷ ಕಳೆದ ಮೇಲಾದರೂ ಅದನ್ನು ಕನ್ನಡಕ್ಕೆ ಕೊಡಿ. ಓದುವವರು ಇಲ್ಲಿದ್ದೇವೆ.