ಕೃಪೆಯೂ ಪಂಕ್ತಿಯೂ

ಮನುಷ್ಯ ತನ್ನ ರಕ್ಷಣೆಗಾಗಿ ತಾನೇ ಏನೂ ಮಾಡಲಾರ, ಮಾಡಬೇಕಾದ್ದನ್ನೆಲ್ಲ ದೇವರು ಕ್ರಿಸ್ತನಲ್ಲಿ ಮಾಡಿ ಮುಗಿಸಿದ್ದಾನೆ, ನಂಬಿ ಕೈಯೊಡ್ಡಿದರೆ ಸಾಕು: ಪ್ರಾಟೆಸ್ಟಂಟ್ ಪರಂಪರೆಯ ತಿರುಳು ಇಷ್ಟೇ. ಹೇಳಲು ಸುಲಭ, ಒಪ್ಪಲು ಬಲು ಕಷ್ಟ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತನ್ನು ಕೇಳುತ್ತಲೇ ಬೆಳೆದವರಿಗೆ ಇದು ಅನ್ಯಾಯವೆಂದೇ ತೋರುತ್ತದೆ. ಮತ್ತಾಯನ ಸುವಾರ್ತೆಯ ದ್ರಾಕ್ಷಿತೋಟದ ಕಥೆಯಲ್ಲೂ ಹಾಗೆಯೇ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರಿಗೂ ಹೊತ್ತು ಮುಳುಗುವ ಮುಂಚೆ ಒಂದೇ ತಾಸು ಕೆಲಸ ಮಾಡಿದವರಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಬೆಳಗಿನವರು ಗೊಣಗುತ್ತಾರೆ. ಆದರೆ ಸಂಜೆಯವರೆಗೆ ಯಾರೂ ಕರೆಯದೆ ಪೇಟೆಯಲ್ಲಿ ನಿಂತೇ ಇದ್ದವನಿಗೆ ಆ ಕೂಲಿ ಹೇಗೆ ಕಂಡಿರಬೇಕು? ಕೃಪೆಯ ಬೋಧನೆ ಹೇಗೆ ಕೇಳಿಸುತ್ತದೆ ಎಂಬುದು ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದರ ಮೇಲಿದೆ. ಈ ಪರಂಪರೆಯನ್ನು ತೂಗುವಾಗ ನಾನು ಹಿಡಿಯುವ ಅಳತೆಗೋಲೂ ಅದೇ.

ಮಾರ್ಟಿನ್ ಲೂಥರ್ ನಿಂತಿದ್ದ ಜಾಗ ಮಠದ ಕೋಣೆ. 1505ರಲ್ಲಿ ಎರ್ಫುರ್ಟ್ ನಗರದ ಅಗಸ್ಟೀನಿಯನ್ ಮಠ ಸೇರಿದ ಆತ ಉಪವಾಸ, ಜಾಗರಣೆ, ಜಪ ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಗುರು ಸ್ಟೌಪಿಟ್ಸ್ ಮುಂದೆ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಎದ್ದು ಹೋದ ಮೇಲೆ ಮತ್ತೆ ಅನುಮಾನ: ಎಲ್ಲವನ್ನೂ ಹೇಳಿದೆನೇ? ಪಶ್ಚಾತ್ತಾಪ ಪಟ್ಟದ್ದು ದೇವರ ಮೇಲಿನ ಪ್ರೀತಿಯಿಂದಲೋ ನರಕದ ಭಯದಿಂದಲೋ? ವಿಟೆನ್‌ಬರ್ಗಿನಲ್ಲಿ ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯನ್ನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಈ ಗಂಟು ನಿಧಾನವಾಗಿ ಸಡಿಲವಾಯಿತು. ದೇವರ ನೀತಿ ಎಂದರೆ ಪಾಪಿಯನ್ನು ದಂಡಿಸುವ ನೀತಿಯಲ್ಲ, ಪಾಪಿಗೆ ದಾನವಾಗಿ ಬರುವ ನೀತಿ. ಮುಪ್ಪಿನಲ್ಲಿ, 1545ರಲ್ಲಿ, ಆ ಅರಿವನ್ನು ನೆನೆದು ಬರೆದಾಗಲೂ ಅವನ ಬರಹದಲ್ಲಿ ಬಿಡುಗಡೆಯ ಉಸಿರಿದೆ.

1517ರ ಜಗಳವನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಆಲ್ಬ್ರೆಕ್ಟ್ ಎಂಬ ರಾಜಕುಮಾರ ಮೈನ್ಸ್ ನಗರದ ಆರ್ಚ್‌ಬಿಷಪ್ ಪದವಿಗಾಗಿ ರೋಮಿಗೆ ಹಣ ತೆರಬೇಕಿತ್ತು. ಅದಕ್ಕಾಗಿ ಆಗ್ಸ್‌ಬರ್ಗಿನ ಫುಗ್ಗರ್ ಸಾಹುಕಾರರಿಂದ ಸಾಲ ಎತ್ತಿದ. ಸಾಲ ತೀರಿಸಲು ಪಾಪ ವಿಮೋಚನಾ ಪತ್ರಗಳ ಮಾರಾಟ. ಬಂದದ್ದರಲ್ಲಿ ಅರ್ಧ ಸಾಹುಕಾರರಿಗೆ, ಇನ್ನರ್ಧ ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ. ಸತ್ತ ತಾಯಿತಂದೆಯರ ಆತ್ಮ ಬೇಯುತ್ತಿದೆ ಎಂದು ಹೆದರಿ ಗಂಟು ಬಿಚ್ಚಿದ ಬಡವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಕೃಪೆ ಪುಕ್ಕಟೆ ಎಂದು ಸಾರಿದಾಗ ಲೂಥರ್ ಒಂದು ಇಡೀ ವ್ಯವಹಾರದ ಬುಡಕ್ಕೇ ಕೊಡಲಿ ಹಾಕಿದ. ಈ ಬೋಧನೆಯ ದೊಡ್ಡತನ ಇಲ್ಲಿದೆ. ಹೆದರಿದವನನ್ನು ಹೆದರಿಕೆಯ ವ್ಯಾಪಾರಿಯಿಂದ ಬಿಡಿಸುವ ಶಕ್ತಿ ಇದಕ್ಕಿತ್ತು, ಈಗಲೂ ಇದೆ.

ರೋಮಿನ ಕಡೆಯವರ ಉತ್ತರವೂ ತಳ್ಳಿಹಾಕುವಂಥದ್ದಲ್ಲ. ಕೃಪೆಯಿಲ್ಲದೆ ಯಾರೂ ಒಂದು ಹೆಜ್ಜೆಯನ್ನೂ ಇಡಲಾರರು, ಆದರೆ ಕೃಪೆ ಮುಟ್ಟಿದ ಮನುಷ್ಯ ಅದರೊಂದಿಗೆ ಸಹಕರಿಸಿ ನಿಜವಾಗಿ ಬದಲಾಗುತ್ತಾನೆ ಎಂದು ಟ್ರೆಂಟ್ ಸಭೆ 1547ರಲ್ಲಿ ನಿರ್ಣಯಿಸಿತು. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆ ಅವರ ಬೆಂಬಲಕ್ಕಿತ್ತು. ಲೂಥರ್ ಆ ಪತ್ರಿಕೆಯನ್ನು ಒಣಹುಲ್ಲಿಗೆ ಹೋಲಿಸಿ ಬದಿಗಿಟ್ಟದ್ದು ಅವನ ವಾದಕ್ಕೆ ಬಲ ಕೊಡಲಿಲ್ಲ. ಬದುಕು ಬದಲಾಗದೆ ಮನಸ್ಸು ಮಾತ್ರ ಹಗುರವಾದರೆ ಏನು ಗತಿ ಎಂಬ ಟ್ರೆಂಟ್ ಪಿತೃಗಳ ಭಯಕ್ಕೆ ಪ್ರಾಟೆಸ್ಟಂಟರ ಸ್ವಂತ ಚರಿತ್ರೆಯಲ್ಲೇ ಸಾಕ್ಷಿ ಸಿಗುತ್ತದೆ.

ಜಾನ್ ನ್ಯೂಟನ್ ಕೃಪೆಯನ್ನು ಕುರಿತ ಜಗತ್ಪ್ರಸಿದ್ಧ ಇಂಗ್ಲಿಷ್ ಕೀರ್ತನೆಯನ್ನು ಬರೆದವನು. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಹಡಗು ಸಿಕ್ಕಾಗ ಅವನು ದೇವರ ಕಡೆ ತಿರುಗಿದ. ಅವನ ಬಗ್ಗೆ ಪ್ರಸಂಗ ಮಾಡುವವರು ಸಾಮಾನ್ಯವಾಗಿ ಬಿರುಗಾಳಿಯಿಂದ ನೇರವಾಗಿ ಕೀರ್ತನೆಗೆ ಬರುತ್ತಾರೆ. ನಡುವಿನ ವರ್ಷಗಳಲ್ಲಿ ನಡೆದದ್ದು ಬೇರೆ. ಮನಸ್ಸು ತಿರುಗಿದ ಮೇಲೆಯೇ ಅವನು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾದದ್ದು. 1754ರಲ್ಲಿ ಕಾಯಿಲೆ ಬಿದ್ದು ಕಡಲನ್ನು ಬಿಡುವವರೆಗೂ ಅದೇ ಉದ್ಯೋಗ. ಭಾನುವಾರ ನಾವಿಕರನ್ನು ಕೂಡಿಸಿ ಆರಾಧನೆ ನಡೆಸುತ್ತಿದ್ದ. ಅವನ ದಿನಚರಿಯಲ್ಲಿ ಸತ್ತ ಗುಲಾಮರಿಗೆ ಹೆಸರಿಲ್ಲ, ಅಂಕಿಯಿದೆ. ಆ ಕೊನೆಯ ಯಾನಗಳಲ್ಲಿ ದೇವರ ಸಹವಾಸದ ಸವಿಯನ್ನು ಎಂದಿಲ್ಲದಷ್ಟು ಉಂಡೆನೆಂದು ಮುಂದೆ ತಾನೇ ಬರೆದುಕೊಂಡ. ಹಲಗೆಯ ಮೇಲೆ ಪ್ರಾರ್ಥನೆ, ಹಲಗೆಯ ಕೆಳಗೆ ಸರಪಳಿ. ಆ ವ್ಯಾಪಾರದ ವಿರುದ್ಧ ಅವನು ಬಹಿರಂಗವಾಗಿ ಬರೆದದ್ದು 1788ರಲ್ಲಿ, ತಪ್ಪೊಪ್ಪಿಕೊಂಡೇ ಬರೆದ, ಆ ಬರಹದಿಂದ ಹೋರಾಟಕ್ಕೆ ಬಲವೂ ಬಂತು. ಆದರೆ ಅಷ್ಟು ವರ್ಷ ಅವನಿಗೆ ಸಿಕ್ಕ ಸಮಾಧಾನ ಅವನನ್ನು ಕೆಣಕಲಿಲ್ಲವೇಕೆ?

ಅವನೊಬ್ಬ ಕಪಟಿ ಎಂದು ಹೇಳಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಅವನ ಭಕ್ತಿ ನಿಜವಾದದ್ದೇ. ಕೊರತೆಯಿದ್ದದ್ದು ಅವನಿಗೆ ಕಲಿಸಿದ ಸುವಾರ್ತೆಯ ಚೌಕಟ್ಟಿನಲ್ಲಿ. ಅದರೊಳಗೆ ಇಬ್ಬರೇ ಇದ್ದರು: ಕ್ಷಮಿಸುವ ದೇವರು, ಕ್ಷಮೆ ಪಡೆಯುವ ಪಾಪಿ. ಪಾಪಕ್ಕೆ ಬಲಿಯಾದ ಮೂರನೆಯವನಿಗೆ ಜಾಗವಿರಲಿಲ್ಲ. ಲೂಕನ ಸುವಾರ್ತೆಯ ಜಕ್ಕಾಯನ ಕಥೆಯಲ್ಲಿ ಆ ಮೂರನೆಯವನು ಇದ್ದಾನೆ. ಯೆರಿಕೋವಿನ ಆ ಸುಂಕದವನು ಇನ್ನೂ ಮರದ ಮೇಲಿರುವಾಗಲೇ, ಒಂದು ಪಶ್ಚಾತ್ತಾಪದ ಮಾತನ್ನೂ ಆಡುವ ಮುಂಚೆಯೇ, ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದು ಯೇಸು ತಿಳಿಸುತ್ತಾನೆ. ಕೃಪೆಯೇ ಮೊದಲು, ಅದರಲ್ಲಿ ಲೂಥರ್ ಹೇಳಿದ್ದು ಸರಿ. ಆದರೆ ಅದರ ಬೆನ್ನಿಗೇ ಜಕ್ಕಾಯ ಎದ್ದು ನಿಂತು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತಾನೆ, ಮೋಸ ಹೋದವರಿಗೆ ನಾಲ್ಕರಷ್ಟು ತಿರುಗಿಸುತ್ತೇನೆ ಎನ್ನುತ್ತಾನೆ. ಈ ಮನೆಗೆ ರಕ್ಷಣೆ ಬಂತು ಎಂಬ ಮಾತು ಬರುವುದು ಆಮೇಲೆ.

ಇಷ್ಟಕ್ಕೂ ನಂಬಿಕೆಯಿಂದಲೇ ನೀತಿವಂತರಾಗುವ ಮಾತನ್ನು ಪೌಲ ಆಡಿದ್ದು ಎಲ್ಲಿ? ಮಠದ ಕೋಣೆಯಲ್ಲಲ್ಲ, ಊಟದ ಪಂಕ್ತಿಯಲ್ಲಿ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ತೆರೆದು ನೋಡಿ. ಅಂತಿಯೋಕ್ಯದಲ್ಲಿ ಯೆಹೂದ್ಯರೂ ಸುನ್ನತಿಯಿಲ್ಲದ ಅನ್ಯಜನರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು, ಪೇತ್ರನೂ ಅವರ ಜೊತೆಗಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದದ್ದೇ ತಡ, ಅವನು ಹೆದರಿ ಪಂಕ್ತಿಯಿಂದ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಸರಿದರು, ಪೌಲನ ಸಂಗಡಿಗ ಬಾರ್ನಬನೂ ಸರಿದ. ಪೌಲ ಸುಮ್ಮನಿರಲಿಲ್ಲ. ಎಲ್ಲರೆದುರಿಗೆ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಮನುಷ್ಯ ನೀತಿವಂತನಾಗುವುದು ಧರ್ಮಶಾಸ್ತ್ರದ ಆಚರಣೆಯಿಂದಲ್ಲ, ಕ್ರಿಸ್ತನಲ್ಲಿಟ್ಟ ನಂಬಿಕೆಯಿಂದ ಎಂಬ ವಾದ ಆ ಸಂದರ್ಭಕ್ಕೆ ಹೊಂದಿಕೊಂಡೇ ಬರುತ್ತದೆ. ಯಾರು ಯಾರ ಜೊತೆ ಕೂತು ಉಣ್ಣಬಹುದು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ಅದು.

ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್, ತಾನೇ ಲೂಥರನ್ ಆಗಿದ್ದೂ, 1963ರ ಒಂದು ಪ್ರಬಂಧದಲ್ಲಿ ಇದನ್ನು ಬಿಡಿಸಿ ತೋರಿಸಿದ. ಪಾಪಭೀತಿಯಿಂದ ನರಳಿದ ಪಶ್ಚಿಮದ ಅಂತಸ್ಸಾಕ್ಷಿಯನ್ನು ನಾವು ಪೌಲನ ಮೇಲೆ ಹೇರಿದ್ದೇವೆ ಎಂಬುದು ಅವನ ವಾದ. 1977ರಲ್ಲಿ ಇ. ಪಿ. ಸ್ಯಾಂಡರ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪೌಲನ ಕಾಲದ ಯೆಹೂದ್ಯ ಧರ್ಮವೂ ದೇವರ ಕೃಪೆಯ ತಳಹದಿಯ ಮೇಲೆಯೇ ನಿಂತಿತ್ತೆಂದು ಮೂಲಗ್ರಂಥಗಳಿಂದ ಸ್ಥಾಪಿಸಿದ. ಪುಣ್ಯದ ಲೆಕ್ಕ ಬರೆಯುತ್ತ ಕೂತ ಯೆಹೂದ್ಯನ ಚಿತ್ರ ಪ್ರಾಟೆಸ್ಟಂಟ್ ಪ್ರಸಂಗಪೀಠಗಳ ಕಲ್ಪನೆ. ಆ ಕಲ್ಪನೆಗೆ ತೆತ್ತ ಬೆಲೆ ಸಣ್ಣದಲ್ಲ: ಯೆಹೂದ್ಯರ ಸಭಾಮಂದಿರಗಳನ್ನು ಸುಡಬೇಕೆಂದು 1543ರಲ್ಲಿ ಬರೆದವನು ಕೃಪೆಯ ಬೋಧಕ ಲೂಥರನೇ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕ್ಯಾಥೊಲಿಕರೂ ನಂಬಿಕೆಯಿಂದ ನೀತಿವಂತರಾಗುವ ಬೋಧನೆಯ ಕುರಿತು ಜಂಟಿ ಘೋಷಣೆಗೆ ಸಹಿ ಹಾಕಿದರು. ನಾಲ್ಕೂಮುಕ್ಕಾಲು ಶತಮಾನದ ವೈರ ಕಾಗದದ ಮೇಲೆ ತಣಿಯಿತು. ಆದರೂ ಎರಡೂ ಸಭೆಗಳವರು ಒಂದೇ ಪ್ರಭುಭೋಜನದ ಮೇಜಿನಲ್ಲಿ ಕೂಡಿ ರೊಟ್ಟಿ ಮುರಿಯಲು ಇನ್ನೂ ಅಧಿಕೃತ ಒಪ್ಪಿಗೆಯಿಲ್ಲ.

ನಮ್ಮ ನೆಲದಲ್ಲಿ ಪಂಕ್ತಿಯ ಪ್ರಶ್ನೆ ಇನ್ನೂ ಒರಟು. 1706ರಲ್ಲಿ ತರಂಗಂಬಾಡಿಗೆ ಲೂಥರನ್ ಮಿಷನರಿಗಳು ಬಂದಿಳಿದರು. ಕೃಪೆಯೊಂದರಿಂದಲೇ ರಕ್ಷಣೆ ಎಂದು ಅವರ ಪರಂಪರೆ ಸಾರಿದ ದೇವಾಲಯಗಳಲ್ಲೇ ಮೇಲುಜಾತಿಯವರಿಗೊಂದು ಕಡೆ, ದಲಿತರಿಗೊಂದು ಕಡೆ ಕೂರುವ ಜಾಗ ಉಳಿಯಿತು. ಆ ಕ್ಷೇತ್ರಕ್ಕೆ ವಾರಸುದಾರರಾದ ಲೈಪ್‌ಜಿಗ್ ಮಿಷನ್ನಿನವರು ಜಾತಿಯೆಂದರೆ ಸಾಮಾಜಿಕ ವ್ಯವಸ್ಥೆ ಎಂದು ಸೈರಿಸಿಕೊಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಹಾಗೆ ಮಾಡಲಿಲ್ಲ, ಸಭೆಗೆ ಸೇರುವವರು ಜಾತಿಯನ್ನು ಹೊರಗೇ ಬಿಡಬೇಕೆಂದು ಹಟ ಹಿಡಿಯಿತು. ಜಾತಿ ಬಿಟ್ಟವರಿಗೆ ಕಸುಬೂ ನೆಲೆಯೂ ಒಟ್ಟಿಗೇ ಹೋಗುತ್ತಿದ್ದವು. ಮಗ್ಗದ ಶಾಲೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದದ್ದರ ಹಿಂದೆ ಈ ಅಗತ್ಯವೂ ಇತ್ತು. ಕೃಪೆಯನ್ನು ನಂಬಿದವನ ಹೊಟ್ಟೆಯ ಹೊಣೆ ಸಭೆಗೂ ಸೇರಿದ್ದು ಎಂದು ಅವರು ಕಂಡುಕೊಂಡದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಅದೇ ಮಿಷನ್ ಸಭಿಕರ ಕುಡಿತ, ಮದುವೆ, ಭಾನುವಾರದ ನಡತೆಯ ಮೇಲೆಲ್ಲ ಕಣ್ಣಿಟ್ಟು, ತಪ್ಪಿದವರನ್ನು ಪ್ರಭುಭೋಜನದಿಂದ ದೂರವಿಟ್ಟದ್ದನ್ನೂ ಮರೆಯುವಂತಿಲ್ಲ.

ಕೃಪೆಯ ವಿಚಾರ ಕ್ರೈಸ್ತರೊಬ್ಬರ ಸ್ವತ್ತಲ್ಲ. ಜರ್ಮನಿಯ ರುಡಾಲ್ಫ್ ಒಟ್ಟೊ 1930ರಲ್ಲಿ ವೈಷ್ಣವ ಭಕ್ತಿಯನ್ನೂ ಲೂಥರನ ಬೋಧನೆಯನ್ನೂ ಅಕ್ಕಪಕ್ಕ ಇಟ್ಟು ಪುಸ್ತಕವನ್ನೇ ಬರೆದ. ಮರಿಯೇ ತಾಯಿಯನ್ನು ಅವುಚಿಕೊಳ್ಳಬೇಕೋ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುತ್ತಾಳೋ ಎಂಬ ಶ್ರೀವೈಷ್ಣವರ ಮರ್ಕಟ-ಮಾರ್ಜಾರ ಚರ್ಚೆ ಟ್ರೆಂಟ್ ಮತ್ತು ವಿಟೆನ್‌ಬರ್ಗಿನ ಜಗಳಕ್ಕೆ ತೀರ ಹತ್ತಿರದ್ದು. ಆ ಚರ್ಚೆ ಬೆಳೆದ ಪರಂಪರೆಗೆ ಸೇರಿದ ಮೇಲುಕೋಟೆಯಲ್ಲೂ ತಿರುಕುಲದವರೆಂದು ಕರೆಯುವ ದಲಿತರಿಗೆ ದೇವಸ್ಥಾನದ ಬಾಗಿಲು ಶತಮಾನಗಳ ಕಾಲ ವರ್ಷದ ಕೆಲವೇ ದಿನ ತೆರೆಯುತ್ತಿತ್ತು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಒಂದು ಭಾಷಣ ಮಾಡಿದರು. ದಲಿತ ದೇವತಾಶಾಸ್ತ್ರದ ಆರಂಭವನ್ನು ಅಲ್ಲಿಂದ ಗುರುತಿಸುತ್ತಾರೆ. ಭಾರತದ ಕ್ರೈಸ್ತ ಚಿಂತಕರು ಬ್ರಾಹ್ಮಣ ದರ್ಶನಗಳ ಜೊತೆ ಸಂವಾದದಲ್ಲೇ ಮುಳುಗಿ, ಸಭೆಯಲ್ಲಿ ಬಹುಸಂಖ್ಯಾತರಾದ ದಲಿತರ ನೋವನ್ನು ಮರೆತರು ಎಂದು ಅವರು ಆಪಾದಿಸಿದರು. ಹೊತ್ತು ಮುಳುಗುವವರೆಗೆ ಕರೆಯಿಲ್ಲದೆ ನಿಂತವರ ದನಿ ಅದು, ಕೃಪೆಯ ಪರಂಪರೆ ಇನ್ನು ಕಲಿಯಬೇಕಾದದ್ದು ಅವರಿಂದ ಎಂದು ನಾನು ನಂಬಿದ್ದೇನೆ. ಒಂದೇ ಸಭೆಯ ಸತ್ತವರನ್ನು ಜಾತಿ ನೋಡಿ ಬೇರೆ ಬೇರೆ ಸ್ಮಶಾನಗಳಲ್ಲಿ ಹೂಳುವ ಊರುಗಳು ತಮಿಳುನಾಡಿನಲ್ಲಿ ಈಗಲೂ ಇವೆ. ನಮ್ಮ ಬೋಧಕರು ಗಲಾತ್ಯ ಪತ್ರಿಕೆಯ 2ನೇ ಅಧ್ಯಾಯವನ್ನು ಪ್ರಸಂಗಕ್ಕೆ ತೆಗೆದುಕೊಂಡಾಗ ಸಾಮಾನ್ಯವಾಗಿ 16ನೇ ವಚನದಿಂದ, ಅಂದರೆ ನಂಬಿಕೆಯ ಮಾತಿನಿಂದ, ಶುರುಮಾಡುತ್ತಾರೆ. 11ನೇ ವಚನದಿಂದ, ಪೇತ್ರ ಪಂಕ್ತಿ ಬಿಟ್ಟು ಎದ್ದ ಜಾಗದಿಂದ, ಓದಲಿ.