ಗಂಡನ ಅವಧಿಯೊಳಗಿನ ಹೆಸರು

ಅಮೆರಿಕದ ಟಂಕಸಾಲೆ 2007ರಿಂದ ಅಧ್ಯಕ್ಷರ ಪತ್ನಿಯರ ಗೌರವಾರ್ಥ ಚಿನ್ನದ ನಾಣ್ಯ ಹೊರಡಿಸಿತು. ಅದೇ ಚಿತ್ರಗಳ ಕಂಚಿನ ಪದಕಗಳನ್ನೂ ಸಂಗ್ರಾಹಕರಿಗಾಗಿ ಅಚ್ಚು ಹಾಕಿತು. ಅಚ್ಚಿನ ಕೆಲಸ ಚೊಕ್ಕ ಐತಿ. ನನ್ನ ತಕರಾರು ಬರಹದ್ದು.

ಶಾಸನ ಓದುವವರು ಮೊದಲು ಹುಡುಕೋದು ಹೆಸರು. ಜೆಫರ್ಸನ್ ಸರದಿಯ ಪದಕ ನೋಡ್ರಿ. ಆತ ಅಧ್ಯಕ್ಷನಾದದ್ದು 1801ರಲ್ಲಿ. ಹೆಂಡತಿ ಮಾರ್ಥಾ 1782ರಲ್ಲೇ ತೀರಿಕೊಂಡಿದ್ದಳು. ಅಧಿಕಾರದ ಕಾಲಕ್ಕೆ ಹೆಂಡತಿ ಇರಲಿಲ್ಲ ಅಂತ ಮುಂಬದಿಗೆ ಆ ಕಾಲದ ನಾಣ್ಯದ ‘ಲಿಬರ್ಟಿ’ ದೇವಿಯ ಮುಖ ಬಂತು. ಹಿಂಬದಿಗೆ? ಜೆಫರ್ಸನ್‌ನದೇ ಸಮಾಧಿ! ಹೆಂಡತಿಯರ ಸರಣಿಯೊಳಗೆ ಗಂಡನ ಗೋರಿಕಲ್ಲು. ಜಾಕ್ಸನ್‌ನ ಹೆಂಡತಿ ರೇಚೆಲ್ ಗತಿಯೂ ಇದೇ. ಗಂಡ ಚುನಾವಣೆ ಗೆದ್ದ ಮೇಲೆ, ಅಧಿಕಾರ ಹಿಡಿಯುವ ಮೊದಲು ಆಕೆ ತೀರಿಕೊಂಡಳು. ಕಾಯ್ದೆಯ ಪ್ರಕಾರ ಸರಿ ಇರಬಹುದು, ಗೌರವದ ಲೆಕ್ಕಕ್ಕೆ ಹೊಂದೂದಿಲ್ಲ.

ನಮ್ಮ ದುಮ್ಮವಾಡದ ಕಡೆಯವರಿಗೆ ಪಟ್ಟದಕಲ್ಲು ಹೊಸದಲ್ಲ. ಅಲ್ಲಿಯ ಲೋಕಮಹಾದೇವಿಯೂ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಅಂತಲೇ ಪರಿಚಯ. ಗುಡಿ ಕಟ್ಟಿಸಿದ್ದೂ ಗಂಡ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ. ಆದ್ರೆ ಶಾಸನದಲ್ಲಿ ಗುಡಿ ಆಕೆಯದು, ದೇವರ ಹೆಸರು ಲೋಕೇಶ್ವರ. ಕಟ್ಟಿದ ಗುಂಡನ ಹೆಸರು, ಬಿರುದು ಕೂಡ ಉಳಿದಾವ. ಗುಡಿಗೆ ಈಗ ವಿರೂಪಾಕ್ಷ ಅಂತಾರ. ಕಲ್ಲು ಮಾತ್ರ ರಾಣಿಯ ಹೆಸರು ಬಿಟ್ಟಿಲ್ಲ.

ಪದಕದಲ್ಲೂ ದಾರಿ ಇತ್ತು. ಡಾಲಿ ಮ್ಯಾಡಿಸನ್ ಪದಕದ ಹಿಂಬದಿಯಲ್ಲಿ ಆಕೆ 1814ರ ಬೆಂಕಿಗೆ ಮುಂಚೆ ಉಳಿಸಿದ ವಾಷಿಂಗ್ಟನ್ ಭಾವಚಿತ್ರ, ಕಾಗದಪತ್ರ ಅದಾವ. ಮಾರ್ಥಾಗೆ ಅಷ್ಟೂ ಬೇಕಿರಲಿಲ್ಲ. ಒಂದು ಹೆಸರು, ಹುಟ್ಟು-ಸಾವಿನ ಎರಡು ವರ್ಷ: 33 ಮಿಲಿಮೀಟರ್ ಅಗಲದ ಕಂಚಿನ ಮೇಲೆ ಅದಕ್ಕೆ ಜಾಗ ಧಾರಾಳ ಇತ್ತು.